ಬ್ರಹ್ಮಾವರದ ಶಾಸಕರು ದಿಲ್ಲಿಗೆ ಹೊರಟಾಗ

ಬ್ರಹ್ಮಾವರ ಈಗ ತಾಲೂಕು. ಆದರೆ ಬ್ರಹ್ಮಾವರಕ್ಕೊಬ್ಬ ಶಾಸಕರಿಲ್ಲ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಆ ವಿಧಾನಸಭಾ ಕ್ಷೇತ್ರ ಹೋಯಿತು. ಬೈಂದೂರು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ಕುಂದಾಪುರ ಘಟ್ಟದ ಮೇಲಿನ ಚಿಕ್ಕಮಗಳೂರಿನ ಜೊತೆ ಕೂಡಿತು. ಒಂದೇ ಸಂತೆಗೆ ಹೋಗುವ ನಾವು ಇಬ್ಬರು ಸಂಸದರ ಪಾಲಾದೆವು.

ಹೀಗೆ ಕ್ಷೇತ್ರ ಕಳೆದುಕೊಂಡವರು ಕೆ. ಜಯಪ್ರಕಾಶ್ ಹೆಗ್ಡೆ. 1994ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಪಕ್ಷೇತರರಾಗಿ ಬ್ರಹ್ಮಾವರದಿಂದ ಗೆದ್ದವರು. ಬಂದರು, ಮೀನುಗಾರಿಕೆ ಖಾತೆಯ ಸಚಿವರೂ ಆಗಿದ್ದರು. ಪಕ್ಷದ ಚಿಹ್ನೆ ಇಲ್ಲದೆ ಎರಡು ಸಲ ಗೆಲ್ಲುವುದು ಸಣ್ಣ ಮಾತಲ್ಲ. 2008ರಲ್ಲಿ ಕಾಂಗ್ರೆಸ್ಸಿನಿಂದ ಕುಂದಾಪುರದಲ್ಲಿ ನಿಂತು ಹಾಲಾಡಿ ಶ್ರೀನಿವಾಸ ಶೆಟ್ಟರ ಎದುರು ಸೋತರು. ಮರುವರ್ಷವೇ ಲೋಕಸಭೆಗೆ ನಿಂತರು.

ಆ 2009 ನಮಗೆ ಚೆನ್ನಾಗಿ ನೆನಪಿದೆ. ನಾವಾಗ ಮೊದಲ ಓಟಿನ ವಯಸ್ಸಿನವರು. ಹಿಂದಿನ ಸೆಪ್ಟೆಂಬರಿನಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿತ್ತು, ದುಬೈಯಲ್ಲಿ ಕಟ್ಟಡದ ಕೆಲಸ ನಿಂತಿತ್ತು. ಮಗನನ್ನು ಗಲ್ಫಿಗೆ ಕಳಿಸಿದ್ದ ಮನೆಗಳಲ್ಲಿ ಫೋನು ಬಂದರೆ ಎದೆ ಹೊಡೆದುಕೊಳ್ಳುವ ಕಾಲ ಅದು. ಕೇಂದ್ರದ ಕಾಂಗ್ರೆಸ್ ಸರ್ಕಾರ 2008ರ ಬಜೆಟ್ಟಿನಲ್ಲಿ ಕೃಷಿ ಸಾಲ ಮನ್ನಾ ಮಾಡಿತ್ತು ನಿಜ. ಅದು 2007ರ ಡಿಸೆಂಬರಿಗೆ ಕಂತು ಬಾಕಿ ಇದ್ದವರಿಗೆ ಮಾತ್ರ. ಸೊಸೈಟಿ ಸಾಲವನ್ನು ಗಡುವಿನೊಳಗೆ ಕಟ್ಟಿದವರಿಗೆ ಏನೂ ಸಿಗಲಿಲ್ಲ. "ಕಟ್ಟಿದ್ದೇ ತಪ್ಪಾಯ್ತಾ?" ಅನ್ನುವ ಮಾತು ಆಗ ಕೇಳದವರು ಯಾರು?

ಹೆಗ್ಡೆಯವರು ಡಿ.ವಿ. ಸದಾನಂದ ಗೌಡರೆದುರು ಸುಮಾರು 27 ಸಾವಿರ ಮತಗಳಿಂದ ಸೋತರು. ಸಾಲದ ಸಿಟ್ಟೇ ಸೋಲಿಸಿತು ಎಂದು ನಾವು ಹೇಳುವುದಿಲ್ಲ. ಆದರೆ ಪಕ್ಷೇತರನಾಗಿದ್ದಾಗ ಅವರು ತಮ್ಮ ಕೆಲಸಕ್ಕಷ್ಟೇ ಉತ್ತರ ಕೊಟ್ಟರೆ ಸಾಕಿತ್ತು. ಲೋಕಸಭೆಗೆ ನಿಂತ ಮೇಲೆ ದಿಲ್ಲಿಯ ಲೆಕ್ಕವೂ ಅವರ ತಲೆಗೇ ಬಂತು.

2011ರಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಸಂಸದ ಸ್ಥಾನ ಬಿಟ್ಟರು. 2012ರ ಮಾರ್ಚ್‌ನ ಉಪಚುನಾವಣೆಯಲ್ಲಿ ಹೆಗ್ಡೆ, ವಿ. ಸುನಿಲ್ ಕುಮಾರ್ ಅವರನ್ನು ಸುಮಾರು 45 ಸಾವಿರದಿಂದ ಸೋಲಿಸಿದರು. ಅದೇ ಮನುಷ್ಯ, ಅದೇ ಪಕ್ಷ, ಅದೇ ಎಂಟು ವಿಧಾನಸಭಾ ಕ್ಷೇತ್ರ. ಆಗ ದಿಲ್ಲಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆಯೇ ಇರಲಿಲ್ಲ, ಸಿಟ್ಟು ಇದ್ದದ್ದು ಬೆಂಗಳೂರಿನ ಮೇಲೆ. 2014ರಲ್ಲಿ ಆ ಪ್ರಶ್ನೆ ಮರಳಿತು. ಶೋಭಾ ಕರಂದ್ಲಾಜೆ 1.81 ಲಕ್ಷ ಅಂತರದಲ್ಲಿ ಗೆದ್ದರು.

ಹಿಂದೆಯೂ ಹೀಗೇ ಆಗಿತ್ತು. ಬೈಂದೂರಿನ ಶಾಸಕ ಐ.ಎಂ. ಜಯರಾಮ ಶೆಟ್ಟಿ 1998ರಲ್ಲಿ, ಐದು ಸಲ ಗೆದ್ದಿದ್ದ ಆಸ್ಕರ್ ಫೆರ್ನಾಂಡಿಸ್ ಅವರನ್ನೇ ಸೋಲಿಸಿ ಸಂಸದರಾದರು. ಮರುವರ್ಷ ವಿನಯ ಕುಮಾರ್ ಸೊರಕೆ ಎದುರು ಸೋತರು.

ಹೆಗ್ಡೆಯವರು ನಡುವೆ ಬಿಜೆಪಿಗೆ ಹೋಗಿ, ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ, 2024ರಲ್ಲಿ ಮತ್ತೆ ಕಾಂಗ್ರೆಸ್ಸಿನಿಂದ ನಿಂತರು. ಎದುರಾಳಿ ವಿಧಾನ ಪರಿಷತ್ತಿನಲ್ಲಿದ್ದ ಕೋಟ ಶ್ರೀನಿವಾಸ ಪೂಜಾರಿ. ಗೆದ್ದವರು ಪೂಜಾರಿ, ಎರಡೂವರೆ ಲಕ್ಷಕ್ಕೂ ಮೀರಿದ ಅಂತರದಲ್ಲಿ. ಅವರ ಕೋಟ ಇರುವುದು ಇದೇ ಬ್ರಹ್ಮಾವರ ತಾಲೂಕಿನಲ್ಲಿ.