ಗಡಿಯಾರದ ಹೆಸರು ಹೊತ್ತ ಭತ್ತ

ಎಚ್‌ಎಂಟಿ ಅಕ್ಕಿ ಎಂದರೆ ನಮ್ಮಲ್ಲೂ ಬಹಳ ಜನರಿಗೆ ಗೊತ್ತು. ಸಣ್ಣ ಕಾಳು, ತಿನ್ನಲು ಹಿತವಾದ ಅನ್ನ. ಹೆಸರು ಕೇಳಿದರೆ ಯಾವುದೋ ದೊಡ್ಡ ಕಂಪನಿಯ ಬೀಜ ಇರಬೇಕು ಅನ್ನಿಸುತ್ತದೆ. ಆದರೆ ಈ ಭತ್ತವನ್ನು ಆರಿಸಿ ಬೆಳೆಸಿದವರು ಮೂರನೇ ತರಗತಿವರೆಗೆ ಮಾತ್ರ ಓದಿದ್ದ ಒಬ್ಬ ಸಣ್ಣ ರೈತ. ಅವರ ಹೆಸರು ದಾದಾಜಿ ರಾಮಾಜಿ ಖೋಬ್ರಾಗಡೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ನಾಂದೇಡ್ ಎಂಬ ಹಳ್ಳಿಯವರು. ಇದು ಮರಾಠವಾಡದ ನಾಂದೇಡ್ ಪಟ್ಟಣವಲ್ಲ, ಅದೇ ಹೆಸರಿನ ಬೇರೆ ಊರು.

1983ರಲ್ಲಿ ದಾದಾಜಿಯವರು ತಮ್ಮ ಗದ್ದೆಯಲ್ಲಿ ಪಟೇಲ್-3 ಎಂಬ ತಳಿಯ ಭತ್ತ ಹಾಕಿದ್ದರು. ಅದರ ನಡುವೆ ಕೆಲವು ತೆನೆಗಳು ಬೇರೆ ಬಣ್ಣದಲ್ಲಿ ಕಂಡವು. ನಾವಾಗಿದ್ದರೆ ಬೆರಕೆ ಎಂದು ಬಿಟ್ಟುಬಿಡುತ್ತಿದ್ದೆವೋ ಏನೋ. ಅವರು ಆ ತೆನೆಗಳನ್ನು ಬೇರೆಯಾಗಿ ತೆಗೆದಿಟ್ಟರು. ಮರುವರ್ಷ ಅವನ್ನೇ ಬಿತ್ತಿ, ಮತ್ತೆ ಒಳ್ಳೆಯ ತೆನೆ ಆರಿಸಿದರು. ಹೀಗೆ ಹಲವು ವರ್ಷ ಮಾಡಿದ ಮೇಲೆ ಕಾಳು ಸಣ್ಣದಾಗಿರುವ, ಇಳುವರಿ ಚೆನ್ನಾಗಿರುವ ಒಂದು ತಳಿ ಕೈಗೆ ಬಂತು. ಊರಿನ ಬೇರೆ ರೈತರೂ ಬೀಜ ಒಯ್ದು ಬೆಳೆದರು.

1990ರ ಆಸುಪಾಸಿನಲ್ಲಿ ಈ ಭತ್ತ ಮಾರುಕಟ್ಟೆಗೆ ಹೋಯಿತು. ಇದರ ಹೆಸರೇನು ಎಂಬ ಪ್ರಶ್ನೆ ಬಂತು. ಇನ್ನೂ ಹೆಸರೇ ಇಟ್ಟಿರಲಿಲ್ಲ. ಆಗ ಎಲ್ಲರ ಬಾಯಲ್ಲಿದ್ದದ್ದು ಎಚ್‌ಎಂಟಿ ಕೈಗಡಿಯಾರ. ಅದೇ ಹೆಸರು ಭತ್ತಕ್ಕೂ ಅಂಟಿಕೊಂಡಿತು. ಆ ಗಡಿಯಾರ ನಮ್ಮ ಬೆಂಗಳೂರಿನಲ್ಲಿ 1961ರಿಂದ ತಯಾರಾಗುತ್ತಿತ್ತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಹೀಗೆ ಕರ್ನಾಟಕದ ಗಡಿಯಾರದ ಹೆಸರು ವಿದರ್ಭದ ಭತ್ತಕ್ಕೆ ಬಂತು. ಬೆಳೆಸಿದವರ ಹೆಸರು ಮಾತ್ರ ಚೀಲದ ಮೇಲೆ ಬರಲಿಲ್ಲ.

1994ರಲ್ಲಿ ಪಂಜಾಬರಾವ್ ಕೃಷಿ ವಿದ್ಯಾಪೀಠಕ್ಕೆ ಸೇರಿದ ಸಿಂದೇವಾಹಿ ಭತ್ತ ಸಂಶೋಧನಾ ಕೇಂದ್ರದವರು ಪ್ರಯೋಗಕ್ಕೆಂದು ದಾದಾಜಿಯವರಿಂದ ಬೀಜ ಒಯ್ದರು. 1998ರಲ್ಲಿ ವಿದ್ಯಾಪೀಠ ಪಿಕೆವಿ-ಎಚ್‌ಎಂಟಿ ಎಂಬ ತಳಿಯನ್ನು ಬಿಡುಗಡೆ ಮಾಡಿತು. ರೈತನ ಬೀಜವನ್ನು ಶುದ್ಧೀಕರಿಸಿ ಈ ತಳಿ ಮಾಡಿದ್ದೇವೆ ಎಂಬುದು ವಿದ್ಯಾಪೀಠದ ಮಾತು. ನನ್ನ ಭತ್ತವೇ ಬೇರೆಯವರ ಹೆಸರಿನಲ್ಲಿ ಹೋಯಿತು ಎಂಬುದು ದಾದಾಜಿಯವರ ನೋವು. ಈ ವಾದ ವರ್ಷಗಟ್ಟಲೆ ನಡೆಯಿತು. ಅಷ್ಟರಲ್ಲಿ ಭತ್ತ ರಾಜ್ಯದ ಗಡಿ ದಾಟಿ ಎಲ್ಲೆಲ್ಲೋ ಹರಡಿತ್ತು.

ಇಲ್ಲಿ ನಾವು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ದಾದಾಜಿಯವರು ಪೇಟೆಂಟ್ ಮಾಡಿಸದೆ ಎಡವಿದರು ಎಂದು ಹೇಳುವುದು ಅನ್ಯಾಯ. ಆಗ ಅವರಿಗೆ ಮಾಡಿಸಲು ದಾರಿಯೇ ಇರಲಿಲ್ಲ.

ಭಾರತದಲ್ಲಿ ಪೇಟೆಂಟ್ ಕಾನೂನು ಮೊದಲು ಬಂದದ್ದು 1856ರಲ್ಲಿ. ಆ ವರ್ಷವೇ ಕಲ್ಕತ್ತದ ಜಾರ್ಜ್ ಡಿಪೆನ್ನಿಂಗ್ ಎಂಬ ಎಂಜಿನಿಯರ್ ಮೊದಲ ಅರ್ಜಿ ಹಾಕಿದರು. ಅವರ ಶೋಧನೆ ಪಂಕ ಎಳೆಯುವ ಯಂತ್ರ. ಆಗ ಸಾಹೇಬರ ಬಂಗಲೆಗಳಲ್ಲಿ ಚಾವಣಿಗೆ ತೂಗುಹಾಕಿದ ಬಟ್ಟೆಯ ಪಂಕವನ್ನು ಆಳುಗಳು ಹಗ್ಗ ಹಿಡಿದು ಎಳೆಯುತ್ತ ಕೂರಬೇಕಿತ್ತು.

ಪೇಟೆಂಟ್ ಎಂದರೆ ಒಂದು ಕೊಡು-ಕೊಳ್ಳುವ ಒಪ್ಪಂದ. ನಿಮ್ಮ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬ ಗುಟ್ಟನ್ನು ನೀವು ಸರ್ಕಾರಕ್ಕೆ ಬರೆದುಕೊಡುತ್ತೀರಿ. ಬದಲಿಗೆ ಇಷ್ಟು ವರ್ಷ ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರು ಅದನ್ನು ಮಾಡಿ ಮಾರುವಂತಿಲ್ಲ ಎಂಬ ಹಕ್ಕನ್ನು ಸರ್ಕಾರ ಕೊಡುತ್ತದೆ. ಈಗ ಅದು 20 ವರ್ಷ. ಅವಧಿ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದು. ಶೋಧಕನಿಗೂ ಲಾಭ, ಕೊನೆಗೆ ಊರಿಗೂ ಲಾಭ.

ಸ್ವಾತಂತ್ರ್ಯದ ನಂತರ 1970ರಲ್ಲಿ ನಮ್ಮದೇ ಪೇಟೆಂಟ್ ಕಾಯ್ದೆ ಆಯಿತು. ಆದರೆ ಬೇಸಾಯದ ವಿಧಾನಕ್ಕೆ ಅದರಲ್ಲಿ ಪೇಟೆಂಟ್ ಇಲ್ಲ. ಗಿಡ, ಬೀಜ, ತಳಿಗೂ ಇಲ್ಲ. ಅನ್ನದ ಮೇಲೆ ಯಾರೂ ಯಜಮಾನಿಕೆ ಮಾಡಬಾರದು ಎಂಬ ಒಳ್ಳೆಯ ಆಲೋಚನೆ ಇದರ ಹಿಂದಿದೆ. ಆದರೆ ತಳಿ ಬೆಳೆಸಿದ ರೈತನ ಹೆಸರು ಬರೆದಿಡಲು ಬೇರೆ ಪುಸ್ತಕವೂ ಆಗ ಇರಲಿಲ್ಲ.

ಆ ಪುಸ್ತಕ ಬಂದದ್ದು 2001ರಲ್ಲಿ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಎಂದು ಅದರ ಹೆಸರು. ಇದರಲ್ಲಿ ರೈತನೂ ತಳಿಗಾರನೇ. ತಾನು ಬೆಳೆಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದು. ರೈತರ ತಳಿಗೆ ನೋಂದಣಿ ಶುಲ್ಕ ಇಲ್ಲ. ಭತ್ತ, ರಾಗಿಯಂಥ ಬೆಳೆಗೆ 15 ವರ್ಷ, ಮರಗಳಿಗೆ 18 ವರ್ಷ ರಕ್ಷಣೆ. ಹಾಗೆಂದು ಬೇರೆ ರೈತರ ಕೈ ಕಟ್ಟಿಲ್ಲ. ಬೀಜ ಎತ್ತಿಟ್ಟುಕೊಳ್ಳುವುದು, ಮತ್ತೆ ಬಿತ್ತುವುದು, ನೆರೆಯವರಿಗೆ ಕೊಡುವುದು, ಮಾರುವುದು ಎಲ್ಲಕ್ಕೂ ಅವಕಾಶ ಇದೆ. ಬ್ರಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ದಾದಾಜಿಯವರಿಗೆ ಗೌರವ ಸಿಗಲಿಲ್ಲ ಎಂದಲ್ಲ. 2005ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಕೈಯಿಂದ ಪ್ರಶಸ್ತಿ ಪಡೆದರು. 2010ರಲ್ಲಿ ಫೋರ್ಬ್ಸ್ ಪತ್ರಿಕೆ ಅವರ ಹೆಸರು ಬರೆಯಿತು. ಬಳಿಕ ಬೆಳೆಸಿದ ತಳಿಗಳಿಗೆ ಅವರು ನಾಂದೇಡ್ ಚಿನ್ನೋರ್, ವಿಜಯ್ ನಾಂದೇಡ್, ಡಿಆರ್‌ಕೆ ಎಂದು ಹೆಸರಿಟ್ಟರು. ಊರಿನ ಹೆಸರು, ತಮ್ಮ ಹೆಸರಿನ ಮೊದಲಕ್ಷರಗಳು. ಗಡಿಯಾರದ ಹೆಸರು ಇನ್ನು ಬೇಡ ಅನ್ನಿಸಿರಬೇಕು. ಆದರೆ ಪ್ರಶಸ್ತಿಯಿಂದ ಮನೆಯ ಖರ್ಚು ನಡೆಯುವುದಿಲ್ಲ. ಕೊನೆಗಾಲದಲ್ಲಿ ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ಬೇರೆಯವರ ನೆರವು ಬೇಕಾಯಿತು. 2018ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಇನ್ನೊಂದು ಕಥೆ ನಮ್ಮದೇ ರಾಜ್ಯದ್ದು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಕೆಂಪು ತೊಳೆಯ ಒಂದು ಹಲಸಿನ ಮರ ಇದೆ. ನೆಟ್ಟವರು ಸಿದ್ದಪ್ಪ ಎಂಬ ರೈತ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಮರವನ್ನು ಗುರುತಿಸಿತು. ಆದರೆ ಈ ಸಲ ಮೊದಲು ಕಾಗದ ಆಯಿತು, ಆಮೇಲೆ ಕಸಿ. 2017ರ ಒಪ್ಪಂದದ ಪ್ರಕಾರ ಸಂಸ್ಥೆ ಸಸಿ ಮಾಡಿ ಮಾರುತ್ತದೆ, ಹಣದಲ್ಲಿ ಶೇ. 75 ಭಾಗ ರೈತನ ಮಗನಿಗೆ ಸೇರುತ್ತದೆ. ತಳಿಗೆ ಇಟ್ಟ ಹೆಸರು ಸಿದ್ದು. ತಂದೆಯ ಹೆಸರೇ ಹಣ್ಣಿನ ಹೆಸರಾಯಿತು.

ಎರಡು ಕಡೆಯೂ ರೈತರೇ, ಎರಡು ಕಡೆಯೂ ಸರ್ಕಾರಿ ಸಂಸ್ಥೆಯೇ. ಹಲಸು ಕಣ್ಣಿಗೆ ಬೀಳುವ ಹೊತ್ತಿಗೆ ಕಾನೂನು ಇತ್ತು, ಬೀಜ ಅಥವಾ ಕಡ್ಡಿ ಕೈ ಬದಲಾಗುವ ಮುಂಚೆ ಬರಹ ಇತ್ತು. ಹಂಚಬೇಡಿ ಎಂದು ನಾವು ಹೇಳುತ್ತಿಲ್ಲ. ದಾಖಲೆ ಇದ್ದರೆ ಹಂಚುವುದೋ ಬೇಡವೋ, ಯಾವ ಷರತ್ತಿನ ಮೇಲೆ ಎಂದು ತೀರ್ಮಾನಿಸುವವರು ನೀವಾಗುತ್ತೀರಿ. ಇಲ್ಲದಿದ್ದರೆ ಆ ತೀರ್ಮಾನ ಬೇರೆಯವರದು.

ನಮ್ಮ ಹಳ್ಳಿಗಳಲ್ಲಿ ಶೋಧನೆ ಬರೀ ಬೀಜದಲ್ಲಿ ಇಲ್ಲ. ವೆಲ್ಡಿಂಗ್ ಶಾಪಿನಲ್ಲಿ ಎಡೆಕುಂಟೆಗೆ ಹೊಸ ರೂಪ ಕೊಡುವವರಿದ್ದಾರೆ, ಅಡಿಕೆ ಸುಲಿಯಲು ಯಂತ್ರ ಕಟ್ಟುವವರಿದ್ದಾರೆ. ಯಂತ್ರಕ್ಕೆ ಪೇಟೆಂಟ್ ಕಾಯ್ದೆಯೇ ಅನ್ವಯ. ಇಲ್ಲಿ ಎಚ್ಚರ ಬೇಕಾದ್ದು ಒಂದೇ ಕಡೆ. ಅರ್ಜಿ ಹಾಕುವ ಮುಂಚೆ ಯಂತ್ರದ ಗುಟ್ಟು ತೋರಿಸುವ ವಿಡಿಯೊವನ್ನು ವಾಟ್ಸ್‌ಆ್ಯಪ್‌, ಯೂಟ್ಯೂಬ್‌ಗೆ ಹಾಕಬೇಡಿ. ಜಗತ್ತಿಗೆ ಮೊದಲೇ ಗೊತ್ತಾದದ್ದು ಹೊಸದಲ್ಲ ಎಂದು ಪೇಟೆಂಟ್ ಕೈತಪ್ಪಬಹುದು. ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಆ ದಿನಾಂಕ ನಿಮ್ಮದಾಗುತ್ತದೆ, ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತವೆ, ಆನ್‌ಲೈನಿನಲ್ಲೇ ಹಾಕಬಹುದು. ಬೆಂಗಳೂರಿನಲ್ಲಿ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರ ಇದೆ. ತಳಿಯ ವಿಷಯವಾದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ನಿಮ್ಮ ಊರಿನಲ್ಲೂ ಬೇರೆ ಬಣ್ಣದ ತೆನೆಯನ್ನು ಎತ್ತಿಟ್ಟುಕೊಂಡ ರೈತರೊಬ್ಬರು ಇರಬಹುದು. ಈ ಬರಹವನ್ನು ಅವರಿಗೆ ಓದಿ ಹೇಳಿ. ಅರ್ಜಿ ತುಂಬುವುದು ಅವರಿಗೆ ಕಷ್ಟವಾದರೆ ಪಕ್ಕದಲ್ಲಿ ಕೂತು ತುಂಬಿಕೊಡಿ.