ಮಗುವಿನ ಎತ್ತರದ ಕೋಣೆ, ದೊಡ್ಡವರ ಸೊಂಟ: ನಲಿಕಲಿ ಶಿಕ್ಷಕರ ಕೀಲು-ಸ್ನಾಯು ನೋವಿನ ತಡೆ

ಶಾಲಾ ಶಿಕ್ಷಕರ ಕೀಲು-ಸ್ನಾಯು ನೋವಿನ ಬಗ್ಗೆ ನಡೆದ ಅಧ್ಯಯನಗಳನ್ನು ಎರಿಕ್ ಮತ್ತು ಸ್ಮಿತ್ 2011ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ನೋವಿರುವವರ ಪ್ರಮಾಣ ಒಂದೆಡೆ ಶೇ. 39, ಇನ್ನೊಂದೆಡೆ ಶೇ. 95. ಇಷ್ಟು ಅಂತರಕ್ಕೆ ಕೇಳುವ ರೀತಿಯೂ ಒಂದು ಕಾರಣ: ಕಳೆದ ವಾರದ ನೋವನ್ನು ಕೇಳಿದರೆ ಬರುವ ಉತ್ತರ ಬೇರೆ, ಕಳೆದ ವರ್ಷದ್ದನ್ನು ಕೇಳಿದರೆ ಬರುವುದು ಬೇರೆ. ಅದಕ್ಕಿಂತ ಮುಖ್ಯವಾದುದು, ಈ ವೃತ್ತಿಯೊಳಗೇ ಹಲವು ಬಗೆಯ ಮೈದುಡಿಮೆಗಳಿವೆ. ಕಾಲೇಜಿನ ಉಪನ್ಯಾಸಕರು ನಿಂತು ದಣಿಯುತ್ತಾರೆ. ಒಂದರಿಂದ ಮೂರನೇ ತರಗತಿಯ ನಲಿಕಲಿ ಶಿಕ್ಷಕಿ ಬಗ್ಗಿ, ಕುಕ್ಕರುಗಾಲಲ್ಲಿ ಕೂತು, ಮತ್ತೆ ಎದ್ದು ದಣಿಯುತ್ತಾರೆ. ಇವರ ನೋವಿಗೆ ತಡೆ ಹುಡುಕುವವರು ಅವರ ಮೈಯನ್ನು ತಿದ್ದುವ ಮೊದಲು ಕೋಣೆಯ ಏರ್ಪಾಡನ್ನು ತಿದ್ದಬೇಕು ಎಂಬುದು ಈ ಲೇಖನದ ವಾದ.

ನಲಿಕಲಿ ಎಂಬ ಕಲಿಕಾ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿ ಶಾಲೆಯ ಪ್ರಯೋಗದಿಂದ ಪ್ರೇರಣೆ ಪಡೆದು ಶುರುವಾಯಿತು. ಮಕ್ಕಳು ಗುಂಪುಗೂಡಿ ನೆಲದಲ್ಲಿ ಕೂರುತ್ತಾರೆ, ಕಾರ್ಡು ಹಿಡಿದು, ಪಾಠಗಳನ್ನು ಹಂತಹಂತವಾಗಿ ಜೋಡಿಸಿದ ಕಲಿಕಾ ಏಣಿಯ ಮೆಟ್ಟಿಲೇರುತ್ತಾರೆ; ಗೋಡೆಯ ಕಪ್ಪುಹಲಗೆ ಅವರ ಕೈಗೆಟಕುವಷ್ಟು ಕೆಳಗಿರುತ್ತದೆ. ಶಿಕ್ಷಕಿಯನ್ನು ಮೇಜಿನ ಹಿಂದಿನಿಂದ ಮಕ್ಕಳ ನಡುವೆ ತಂದ ಈ ಪದ್ಧತಿಯ ಶೈಕ್ಷಣಿಕ ಗುಣವನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಕೋಣೆಯ ಅಳತೆಗಳೆಲ್ಲ ಆರು ವರ್ಷದ ಮೈಗೆ ಹೊಂದಿದವು. ಅಲ್ಲಿ ದಿನವಿಡೀ ದುಡಿಯುವ ವಯಸ್ಕರ ಮೈಯನ್ನು ಯಾರೂ ಅಳೆಯಲಿಲ್ಲ.

ಬಗ್ಗುವುದರ ಬೆಲೆ ಏನು? ವಿಲ್ಕೆ ಮತ್ತು ಸಂಗಡಿಗರು 1999ರಲ್ಲಿ ಸೊಂಟದ ಡಿಸ್ಕಿನೊಳಗೇ ಒತ್ತಡಮಾಪಕ ಇಟ್ಟು ನೋಡಿದರು. ಸಡಿಲವಾಗಿ ನಿಂತಾಗ ಸುಮಾರು 0.5 ಮೆಗಾಪಾಸ್ಕಲ್ ಇದ್ದ ಒತ್ತಡ, ನಿಂತಲ್ಲೇ ಮುಂದಕ್ಕೆ ಬಗ್ಗಿದಾಗ 1.1ಕ್ಕೆ ಏರಿತು. ಬೆನ್ನಿಗೆ ಆಧಾರವಿಲ್ಲದೆ ಕೂತಾಗ 0.46. ಒಬ್ಬನೇ ವ್ಯಕ್ತಿಯ ಮೇಲಿನ ಮಾಪನವಿದು, ಅಂಕಿಗಳನ್ನು ಅಕ್ಷರಶಃ ಹಿಡಿಯುವಂತಿಲ್ಲ. ಆದರೂ ಅದು ಹೇಳುವ ದಿಕ್ಕು ಸ್ಪಷ್ಟ: ನಿಂತು ಮಗುವಿನ ಸ್ಲೇಟಿನ ಮೇಲೆ ಬಾಗುವುದಕ್ಕಿಂತ ಪಕ್ಕದಲ್ಲಿ ಕೂರುವುದು ಸೊಂಟಕ್ಕೆ ಹಗುರ. ಹಾಗೆಂದು ಕುಕ್ಕರುಗಾಲಲ್ಲಿ ಕೂತರೆ ಭಾರ ಮಂಡಿಗೆ ದಾಟುತ್ತದೆ. ಕುಕ್ಕರಿಸಿ, ಮಂಡಿಯೂರಿ ಮಾಡುವ ಕೆಲಸಕ್ಕೂ ಮಂಡಿಸವೆತಕ್ಕೂ ಇರುವ ನಂಟು ಹಲವು ವೃತ್ತಿಗಳಲ್ಲಿ ಕಂಡಿದೆ. ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ರೂಢಿಯನ್ನು ದೂಷಿಸಬೇಕಿಲ್ಲ. ತೊಂದರೆಯಿರುವುದು ಗುಂಪಿನಿಂದ ಗುಂಪಿಗೆ ಹೋಗಲು ಗಳಿಗೆಗೊಮ್ಮೆ ಏಳಬೇಕಾದುದರಲ್ಲಿ.

ಇಂಥ ನೋವಿಗೆ ಸಾಮಾನ್ಯವಾಗಿ ಸಿಗುವ ಮದ್ದು ಒಂದು ದಿನದ ಉಪನ್ಯಾಸ: ನೆಟ್ಟಗೆ ಕೂರಿ, ಸರಿಯಾಗಿ ಬಗ್ಗಿ. ಸ್ಟೆಫೆನ್ಸ್ ಮತ್ತಿತರರು 2016ರಲ್ಲಿ 21 ಯಾದೃಚ್ಛಿಕ ಪ್ರಯೋಗಗಳನ್ನು, 30,850 ಜನರ ಮಾಹಿತಿಯನ್ನು ಕ್ರೋಡೀಕರಿಸಿದಾಗ, ಬರೀ ತಿಳಿವಳಿಕೆ ಕೊಟ್ಟದ್ದರಿಂದ ಸೊಂಟನೋವು ತಡೆದದ್ದು ಕಾಣಲಿಲ್ಲ. ಸೊಂಟದ ಪಟ್ಟಿ, ಪಾದರಕ್ಷೆಯ ಮೆತ್ತೆ ಕೂಡ ಫಲ ಕೊಡಲಿಲ್ಲ. ವ್ಯಾಯಾಮದ ಜೊತೆ ತಿಳಿವಳಿಕೆ ಸೇರಿದಾಗ ನೋವಿನ ಸಂಭವ ಶೇ. 45ರಷ್ಟು ಇಳಿಯಿತು, ವರ್ಷದಾಚೆಗೂ ಆ ಫಲ ನಿಲ್ಲುವುದೆಂಬುದಕ್ಕೆ ಪುರಾವೆ ದುರ್ಬಲ. ಪಾಠ ಹೇಳುವುದೇ ಕಸುಬಾದವರಿಗೆ ಬರೀ ಪಾಠ ಹೇಳಿ ಕಳಿಸುತ್ತೇವೆ ಎಂಬುದು ಸ್ವಲ್ಪ ತಮಾಷೆಯಾಗಿಯೇ ಇದೆ.

ಹಾಗಾದರೆ ಮೊದಲು ಬೇಕಾದುದು ಗಾಲಿಯಿರುವ ಗಿಡ್ಡ ಸ್ಟೂಲು. ಮಂಡಿ ಪೂರ್ತಿ ಮಡಿಸದಂತೆ, ಆದರೆ ಮಗುವಿನ ಕಣ್ಣಿಗೆ ಹತ್ತಿರವಾಗುವಂತೆ ಕೂತು, ಏಳದೆಯೇ ಮುಂದಿನ ಗುಂಪಿಗೆ ಸರಿಯಬಹುದು. ಸಿಮೆಂಟು ಕಿತ್ತ ನೆಲದಲ್ಲಿ ಗಾಲಿ ಓಡದು. ಅಲ್ಲಿ ಪ್ರತಿ ಗುಂಪಿನ ಬಳಿ ಒಂದೊಂದು ಮಣೆಯಾದರೂ ಇರಲಿ. ಕಾರ್ಡುಗಳ ತಟ್ಟೆಗಳು ಸೊಂಟದೆತ್ತರದ ಕಪಾಟಿಗೆ ಬರಲಿ. ದೊಡ್ಡ ತರಗತಿಗಳ ಎತ್ತರದ ಕಪ್ಪುಹಲಗೆಯ ಮೇಲಂಚಿನಲ್ಲಿ ಬರೆಯುವಾಗ ತೋಳು ಭುಜಕ್ಕಿಂತ ಮೇಲೇರಿ ಅಲ್ಲೇ ನಿಲ್ಲುವುದರಿಂದ, ಹಳೆಯ ಶಾಲೆಗಳ ಮರದ ವೇದಿಕೆಯನ್ನು ನಾವು ಅವಸರದಲ್ಲಿ ಎಸೆದೆವೇನೋ ಅನಿಸುತ್ತದೆ. ವ್ಯಾಯಾಮಕ್ಕೆ ಬೇರೆ ಹೊತ್ತು ಹುಡುಕಬೇಕಿಲ್ಲ: ಬೆಳಗಿನ ಪ್ರಾರ್ಥನೆಯ ನಂತರದ ಕವಾಯತಿನಲ್ಲಿ ಸೀಟಿ ಊದಿ ನಿಲ್ಲುವ ಬದಲು ಶಿಕ್ಷಕರೂ ಸೇರಿ, ತೊಡೆ ಮತ್ತು ಬೆನ್ನನ್ನು ಬಲಪಡಿಸುವ ನಾಲ್ಕಾರು ಚಲನೆಗಳನ್ನು ಮಾಡಬಹುದು.

ಈ ಏರ್ಪಾಡನ್ನು ಯಾರ ಹೊಣೆ ಎನ್ನುವುದು? ನಿಂತು ದುಡಿಯುವವರಿಗೆ ಕೂರಲು ಅನುಕೂಲವಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು. ಅಂಗಡಿ ನೌಕರರಿಗೆ ಅದೇ ಹಕ್ಕನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೊಟ್ಟವು. ಶಿಕ್ಷಕರು ಇದಾವುದರಲ್ಲೂ ಬರುವುದಿಲ್ಲ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಅವರು ಕಾರ್ಮಿಕರಲ್ಲವೆಂದು 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತಯಾರಿಯೂ ಸೇರಿ ವಾರಕ್ಕೆ 45 ಗಂಟೆಯ ದುಡಿಮೆ ನಿಗದಿಪಡಿಸುತ್ತದೆ. ಶೌಚಾಲಯ, ಅಡುಗೆಮನೆ, ಆವರಣದ ಗೋಡೆಗಳನ್ನು ಹೆಸರಿಸುತ್ತದೆ. ಶಿಕ್ಷಕರ ಆಸನವನ್ನು ಹೆಸರಿಸುವುದಿಲ್ಲ. ಕೂತು ಪಾಠ ಮಾಡುವವರು ಸೋಮಾರಿಗಳೆಂಬ ನಂಬಿಕೆ ಬೇರೆ ಇದರ ಜೊತೆಗಿದೆ.

ಕಾಯ್ದೆ ಬದಲಾಗುವವರೆಗೆ ಕಾಯದೆ ಮಾಡಬಹುದಾದ ಪರೀಕ್ಷೆಯೊಂದಿದೆ. ಮೈಯ ಒಂಬತ್ತು ಭಾಗಗಳ ನೋವನ್ನು ವಿಚಾರಿಸುವ, 1987ರಿಂದ ಬಳಕೆಯಲ್ಲಿರುವ ನಾರ್ಡಿಕ್ ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಒಂದು ತಾಲ್ಲೂಕಿನ ಅರ್ಧದಷ್ಟು ಶಾಲಾ ಕ್ಲಸ್ಟರ್‌ಗಳಿಗೆ ಜೂನ್‌ನಲ್ಲಿ ಸ್ಟೂಲು, ಕಪಾಟು, ಕವಾಯತನ್ನು ಒದಗಿಸಿ, ಉಳಿದವಕ್ಕೆ ಮರುವರ್ಷ ಕೊಡಬೇಕು. ಎರಡೂ ಕಡೆ ವರ್ಷದ ಆರಂಭದಲ್ಲೊಮ್ಮೆ, ಮಾರ್ಚ್‌ನಲ್ಲೊಮ್ಮೆ ಅವೇ ಪ್ರಶ್ನೆಗಳನ್ನು ಕೇಳಬೇಕು. ಸೊಂಟ ಮತ್ತು ಮಂಡಿಯ ಉತ್ತರಗಳನ್ನು ಬೇರೆಬೇರೆಯಾಗಿಯೇ ಎಣಿಸಬೇಕು, ಏಕೆಂದರೆ ಒಂದರ ಹೊರೆ ಇಳಿಸುವ ಏರ್ಪಾಡು ಇನ್ನೊಂದರ ಮೇಲೆ ಹೇರಿರಲೂಬಹುದು.