ಹಂದಿಯನ್ನು ತೋರದ ದೀಪ

ಕೋವಿ ರಿಪೇರಿಗೆ ಲೈಸೆನ್ಸ್ ಬೇಕು. ಕೋವಿಗೆ ಕಟ್ಟುವ ಬ್ಯಾಟರಿಯ ರಿಪೇರಿಗೆ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಈ ಸಂದಿಯಲ್ಲೇ ನಮ್ಮ ಅಪ್ಪಯ್ಯ ಕೊಪ್ಪದ ಪೇಟೆಯಲ್ಲಿ ಒಂದಿಷ್ಟು ಸಂಪಾದನೆ ಕಂಡುಕೊಂಡಿದ್ದರು. ಮದುವೆಮನೆಯ, ಯಕ್ಷಗಾನದ ಗ್ಯಾಸ್‌ಲೈಟುಗಳಿಗೆ ಮ್ಯಾಂಟಲ್ ಕಟ್ಟುವುದು, ವಾಷರ್ ಬದಲಿಸುವುದು, ಸ್ಟವ್ವಿಗೆ ಪಿನ್ ಹೊಡೆಯುವುದು ವರ್ಷವಿಡೀ ಇದ್ದ ಕೆಲಸ. ಮಳೆ ಹಿಂದಾಗಿ ಭತ್ತ ಹಾಲುಗಟ್ಟುವ ಹೊತ್ತಿಗೆ ಬೇರೆ ಗಿರಾಕಿಗಳು ಬರುತ್ತಿದ್ದರು. ಅವರು ಕೋವಿ ತರುತ್ತಿರಲಿಲ್ಲ. ತಂದರೂ ಅಪ್ಪಯ್ಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ನಳಿಗೆಯ ಸುತ್ತಳತೆ ಹಿಡಿದು ಗಂಟು ಹಾಕಿದ ಒಂದು ದಾರ ತರುತ್ತಿದ್ದರು. ಆ ಗಂಟಿನ ಅಳತೆಗೆ ಉಕ್ಕಿನ ಪಟ್ಟಿ ಬಗ್ಗಿಸಿ, ಒಂದು ಕಡೆ ನಳಿಗೆಯನ್ನೂ ಇನ್ನೊಂದು ಕಡೆ ಬ್ಯಾಟರಿಯನ್ನೂ ಕಚ್ಚಿ ಹಿಡಿಯುವ ಕ್ಲಿಪ್ಪು ಮಾಡಿಕೊಡಬೇಕು.

ಕ್ಲಿಪ್ಪಿನ ಕಾಲ ಬಹಳ ಹಳೆಯದೇನಲ್ಲ. ಅದಕ್ಕೂ ಮೊದಲು ರಾತ್ರಿ ಶಿಕಾರಿ ಎಂದರೆ ಬೆಳದಿಂಗಳನ್ನು ನಂಬಿ ಮರಸು ಕೂರುವುದು. ನಳಿಗೆಯ ತುದಿ ಕಾಣಲಿ ಎಂದು ಅಲ್ಲಿಗೆ ಸುಣ್ಣ ಬಳಿಯುತ್ತಿದ್ದರು, ಇಲ್ಲವೇ ಬಿಳಿ ಬಟ್ಟೆಯ ಚೂರು ಸುತ್ತುತ್ತಿದ್ದರು. ಮೋಡ ಮುಚ್ಚಿತೋ, ಮರದಿಂದ ಇಳಿಯುವ ಧೈರ್ಯವೂ ಇಲ್ಲದೆ ಬೆಳಗಿನವರೆಗೆ ನುಸಿ ಕಡಿಸಿಕೊಳ್ಳಬೇಕು. ಆಮೇಲೆ ಬಂದದ್ದು ಕಾರ್ಬೈಡ್ ದೀಪ. ಬಾಳೆಕಾಯಿ ಹಣ್ಣು ಮಾಡುವ ಅದೇ ಕಾರ್ಬೈಡ್. ಅದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟಿ ಬೆಳ್ಳಗೆ ಉರಿಯುತ್ತದೆ. ಬೆಳಕೇನೋ ಚೆನ್ನ. ಆದರೆ ಬೇಕೆಂದಾಗ ಹತ್ತಿಸಿ ಬೇಡವೆಂದಾಗ ಆರಿಸುವ ಸೌಕರ್ಯ ಅದಕ್ಕಿಲ್ಲ. ನೀರು ನಿಲ್ಲಿಸಿದರೂ ಒಳಗೆ ಹುಟ್ಟಿದ ಅನಿಲ ಮುಗಿಯುವ ತನಕ ಉರಿಯುತ್ತಲೇ ಇರುತ್ತದೆ. ಮೇಲಿಂದ ಬೆಳ್ಳುಳ್ಳಿಯಂಥ ಘಾಟು. ಹಾಗಾಗಿ ಹಣೆಗೆ ಕಟ್ಟಿ ನಡೆಯುವವರಿಗೆ ಅದು ಆಗುತ್ತಿತ್ತು, ಮರಸು ಕೂರುವವರಿಗೆ ಅಲ್ಲ.

ಕೋವಿಗೆ ಕಟ್ಟಿದ ವಿದ್ಯುತ್ ಬ್ಯಾಟರಿಯ ಕಥೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ನಡೆದದ್ದು ದೂರದ ಗಢವಾಲದಲ್ಲಿ. ಸರ್ಕಾರಿ ಲೆಕ್ಕದಲ್ಲಿ 125 ಜನರನ್ನು ತಿಂದ ರುದ್ರಪ್ರಯಾಗದ ಚಿರತೆಯನ್ನು ಜಿಮ್ ಕಾರ್ಬೆಟ್ ಹೊಡೆದದ್ದು 1926ರ ಮೇ ತಿಂಗಳಲ್ಲಿ, ಗೋಲಾಬ್ರಾಯ್ ಎಂಬಲ್ಲಿ, ಯಾತ್ರಿಕರ ದಾರಿಯ ಪಕ್ಕದ ಮಾವಿನಮರದ ಮೇಲೆ ಕೂತು. ಕೆಳಗೆ ಗಂಟೆ ಕಟ್ಟಿದ ಆಡು. ಗಂಟೆ ಅಲ್ಲಾಡಿದ್ದೇ ತಡ ಗುಂಡಿ ಒತ್ತಿದರು. ಬೆಳಕಿನಲ್ಲಿ ಚಿರತೆಯ ಹೆಗಲು ಕಂಡಿತು. ಗುಂಡು ಹಾರಿತು, ದೀಪ ಆರಿತು. ಚಿರತೆ ಸತ್ತಿತೋ ಓಡಿತೋ ತಿಳಿಯಲು ಅವರು ಕತ್ತಲಲ್ಲಿ ಕೂತು ಕಾಯಬೇಕಾಯಿತು. ಅದು ತಮ್ಮ ಮೊದಲ ಟಾರ್ಚು, ಆಗ ಅದಿನ್ನೂ ಎಲ್ಲರ ಕೈಯಲ್ಲಿ ಇರುವ ವಸ್ತುವಾಗಿರಲಿಲ್ಲ, ಬ್ಯಾಟರಿಗೆ ಆಯುಸ್ಸು ಎಂಬುದಿದೆ, ಆಗಾಗ ಪರೀಕ್ಷಿಸಬೇಕು ಎಂಬುದೇ ತಮಗೆ ಗೊತ್ತಿರಲಿಲ್ಲ ಎಂದು ಕಾರ್ಬೆಟ್ ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾರೆ. ಅದೇ ಬೇಟೆಯಲ್ಲಿ ಅವರ ಪೆಟ್ರೋಲ್ ಲೈಟು ಬಂಡೆಗೆ ತಾಗಿ ಮ್ಯಾಂಟಲ್ ಉದುರಿ, ನರಭಕ್ಷಕ ಅಡ್ಡಾಡುವ ಕಾಡಿನಲ್ಲಿ ಕಣ್ಣು ಕಟ್ಟಿದಂತೆ ನಡೆದು ಬಂದದ್ದೂ ಉಂಟು. ಅಪ್ಪಯ್ಯನಿಗೆ ಇದನ್ನು ಓದಿ ಹೇಳಿದಾಗ ಅವರ ಆಸಕ್ತಿ ಚಿರತೆಯ ಮೇಲೆ ಇರಲಿಲ್ಲ. "ಶೆಲ್ಲು ತಿಂಗಳುಗಟ್ಟಲೆ ಒಳಗೇ ಇಟ್ಟಿದ್ದಾರೆ, ಇನ್ನೇನಾಗ್ತದೆ?" ಎಂದರು.

ನಮ್ಮ ಕಡೆಗೆ ಬಂದರೆ, ಬೆಂಗಳೂರಿನ ಕೆನೆತ್ ಆಂಡರ್ಸನ್. ಅವರ .405 ವಿಂಚೆಸ್ಟರ್ ರೈಫಲ್ಲಿಗೆ ಕ್ಲಾಂಪಿನಲ್ಲಿ ಕಟ್ಟಿದ ಟಾರ್ಚು ಕಥೆಯಿಂದ ಕಥೆಗೆ ಬರುತ್ತಲೇ ಇರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಆ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ಓದಿದವರಿಗೆ ಹೆಬ್ಬೆರಳಿನಿಂದ ಸ್ವಿಚ್ಚು ಒತ್ತುವ ಆ ಕ್ಷಣ ಚೆನ್ನಾಗಿ ಗೊತ್ತು. ಮಲೆನಾಡಿನ ರೈತನ ಹತ್ತಿರ ವಿಂಚೆಸ್ಟರ್ ಎಲ್ಲಿಂದ ಬರಬೇಕು? ಅವನದು ಹೆಚ್ಚೆಂದರೆ ತೋಟಾ ಹಾಕುವ ಜೋಡುನಳಿಗೆ, ಇಲ್ಲದಿದ್ದರೆ ಬಾಯಿಂದ ಮದ್ದು ತುಂಬಿ ಜಡಿಯುವ ಕೇಪಿನ ಕೋವಿ. ಶಸ್ತ್ರಾಸ್ತ್ರ ಕಾಯ್ದೆಯೂ ಬೆಳೆ ರಕ್ಷಣೆ ಎಂದು ಹೆಸರಿಸಿ ಹೇಳುವುದು ಈ ಬಾಯಿಮದ್ದಿನ ಕೋವಿಯನ್ನೇ.

ತೊಂದರೆ ಶುರುವಾಗುತ್ತಿದ್ದದ್ದೂ ಅಲ್ಲೇ. ಕರಿಮದ್ದಿನ ಕೋವಿ ಢಮ್ಮೆಂದ ಕೂಡಲೇ ಮುಂದೆ ಹೊಗೆ ನಿಲ್ಲುತ್ತದೆ. ಹಗಲಾದರೆ ಬಗ್ಗಿ ನೋಡಬಹುದು. ನಳಿಗೆಯ ಮೇಲೆ ದೀಪ ಉರಿಯುತ್ತಿದ್ದರೆ ಆ ಹೊಗೆ ಸುಣ್ಣ ಹೊಡೆದ ಗೋಡೆಯಾಗಿ ಕಣ್ಣಿಗೆ ರಾಚುತ್ತದೆ. ಗುರಿ ತಾಗಿತೋ ಇಲ್ಲವೋ ದೇವರಿಗೇ ಗೊತ್ತು. ಇದಕ್ಕೆ ಅಪ್ಪಯ್ಯನ ಬಳಿ ಮದ್ದಿರಲಿಲ್ಲ. ಈಡು ಹಾರಿದ ಕೂಡಲೇ ಸ್ವಿಚ್ಚು ಬಿಡಿ, ಹೊಗೆ ಚದುರಿದ ಮೇಲೆ ಒತ್ತಿ ಎನ್ನುತ್ತಿದ್ದರು, ಅಷ್ಟೆ.

ಉಳಿದ ದೂರುಗಳಿಗೆಲ್ಲ ಮದ್ದಿತ್ತು. "ಆಚಾರ್ರೇ, ಈಡು ಹಾರ್ತು, ಲೈಟು ಹೋಯ್ತು. ಮನೆಗೆ ಬಂದು ನೋಡಿದ್ರೆ ಉರೀತದೆ!" ಹೀಗೆ ಹೇಳದ ಗಿರಾಕಿ ಇಲ್ಲ. ಕೋವಿ ಹಿಂದಕ್ಕೆ ಒದ್ದಾಗ ಒಳಗಿನ ಶೆಲ್ಲುಗಳು ಇದ್ದಲ್ಲೇ ಇರುವುದಿಲ್ಲ. ಹಿಂದಿನ ಸ್ಪ್ರಿಂಗು ಸಡಿಲವಾಗಿದ್ದರೆ ಅತ್ತಿತ್ತ ಜಾರಿ, ಸಂಪರ್ಕ ಬಿಟ್ಟು ಬಿಡುತ್ತವೆ. ಅಪ್ಪಯ್ಯ ಹಳೆಯ ಸ್ಪ್ರಿಂಗು ತೆಗೆದು ಬಿಗಿಯಾದದ್ದು ಕೂರಿಸುತ್ತಿದ್ದರು. ಶೆಲ್ಲಿನ ಸುತ್ತ ರಟ್ಟು ಸುತ್ತಿ ಅಲುಗಾಡದಂತೆ ಮಾಡುತ್ತಿದ್ದರು. ಕ್ಲಿಪ್ಪಿನೊಳಗೆ ಸೈಕಲ್ ಟ್ಯೂಬಿನ ತುಂಡು ಇಡುತ್ತಿದ್ದರು, ಒದೆ ಸ್ವಲ್ಪ ಅಲ್ಲೇ ಸಾಯಲಿ ಎಂದು. ಇಷ್ಟಾದರೂ ಬಲ್ಬಿನ ತಂತಿ ತುಂಡಾಗುವುದು ತಪ್ಪುತ್ತಿರಲಿಲ್ಲ. ಅದಕ್ಕೆ ಮುಚ್ಚಳದೊಳಗೆ ಹತ್ತಿಯಲ್ಲಿ ಸುತ್ತಿದ ಇನ್ನೊಂದು ಬಲ್ಬು. ಐದು ಶೆಲ್ಲಿನ ಬ್ಯಾಟರಿಗೆ ಏಳೂವರೆ ವೋಲ್ಟಿನ ಬಲ್ಬೇ ಬೇಕು. ಅಂಗಡಿಯಲ್ಲಿ ಸಿಕ್ಕಿತೆಂದು ಮೂರು ಶೆಲ್ಲಿನದ್ದು ಹಾಕಿದವನಿಗೆ ಒಂದೇ ಒಂದು ಮಿಂಚು ಕಾಣುತ್ತಿತ್ತು.

ಮಳೆಗಾಲದಲ್ಲಿ ಹಿತ್ತಾಳೆಗೆ ಕಿಲುಬು. ಶೆಲ್ಲಿನ ಮೈ ಸತುವಿನದು. ಅದೇ ಕರಗಿ ವಿದ್ಯುತ್ತಾಗುವುದರಿಂದ ಹಳತಾದಂತೆ ತೂತು ಬಿದ್ದು ಕಾರುತ್ತದೆ, ಕಾರಿದ್ದು ಒಳಗೇ ಒಣಗಿ ಬ್ಯಾಟರಿಯನ್ನೇ ಹಿಡಿದು ಬಿಡುತ್ತದೆ. ಮರಳುಕಾಗದದಲ್ಲಿ ಉಜ್ಜಿ, ಸ್ವಿಚ್ಚಿನ ನಾಲಿಗೆಯನ್ನು ತುಸು ಎತ್ತಿ ಕೊಟ್ಟರೆ ಮತ್ತೆ ಜೀವ. ಸೊರಗಿದ ಶೆಲ್ಲನ್ನು ಬಿಸಿಲಿಗಿಟ್ಟೋ ಒಲೆಯ ದಂಡೆಯಲ್ಲಿಟ್ಟೋ ಒಂದು ರಾತ್ರಿ ನಡೆಸುವ ಜಿಪುಣರಿಗೆ ಅಪ್ಪಯ್ಯ ಬೈಯುತ್ತಿದ್ದರು, ತಾವೂ ಮನೆಯಲ್ಲಿ ಹಾಗೇ ಮಾಡುತ್ತಿದ್ದರು.

ಬೆಳಕಿನ ಗುರಿ ಹೊಂದಿಸುವುದು ಸಂಜೆಯ ಕೆಲಸ. ಗಿರಾಕಿ ತನ್ನ ಮನೆಯಲ್ಲೇ ಖಾಲಿ ಕೋವಿಯನ್ನು ಚೀಲದ ಮೇಲೆ ಮಲಗಿಸಿ, ಕೊಟ್ಟಿಗೆಯ ಗೋಡೆಯ ಒಂದು ಮಚ್ಚೆಗೆ ಹಿಡಿದು, ಬೆಳಕಿನ ನಡು ಆ ಮಚ್ಚೆಗೆ ಬರುವ ತನಕ ಕ್ಲಿಪ್ಪಿನಡಿ ತಗಡಿನ ಚೂರು ಸೇರಿಸಬೇಕು. ಬ್ಯಾಟರಿಯನ್ನು ನಳಿಗೆಯ ಕೆಳಗೆ ಕಟ್ಟಿದರೆ ತುದಿಯ ಸೈಟು ಕರ್ರಗೆ ಉಳಿಯುತ್ತದೆ. ನೇರ ಮೇಲೆ ಕಟ್ಟಿದರೆ ಸೈಟೇ ಮರೆ, ನಳಿಗೆ ಹೊಳೆದು ಕಣ್ಣು ಕುಕ್ಕುತ್ತದೆ. ಎಡಪಕ್ಕಕ್ಕೆ, ಅಂಚಿನ ಬೆಳಕು ಸೈಟಿಗೆ ಚೂರೇ ಚೂರು ಸೋಕುವಂತೆ ಕಟ್ಟಬೇಕು. ಅಪ್ಪಯ್ಯ ಹೆಮ್ಮೆಪಡುತ್ತಿದ್ದ ಕುಶಲತೆ ಇದೊಂದೇ.

ಈಗ ಹಂದಿಯ ವಿಷಯ. ಜಿಂಕೆ, ಕಡವೆ, ಪುನುಗು, ಚಿರತೆ, ಮನೆಯ ದನ, ಇವುಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದಕ್ಕೇ ದೀಪ ನೋಡುವವನ ಕಣ್ಣಿನ ಹತ್ತಿರ ಇರಬೇಕು: ಹಣೆಯ ಮೇಲೆ, ಇಲ್ಲವೇ ಕೆನ್ನೆಗೊತ್ತಿದ ಕೋವಿಯ ಮೇಲೆ. ಪಕ್ಕದವನು ಬೇರೆ ಕಡೆಯಿಂದ ಬೆಳಕು ಬಿಟ್ಟರೆ ನಿಮಗೆ ಕಣ್ಣು ಹೊಳೆಯುವುದಿಲ್ಲ. ಹಂದಿಗೆ ಮಾತ್ರ ಈ ಕನ್ನಡಿ ಇಲ್ಲ. ಗದ್ದೆ ಉಳುವ ಹಂದಿಗಾಗಿ ಸರ್ಕಾರ ಕೋವಿಗೆ ಪರವಾನಗಿ ಕೊಟ್ಟಿತು. ಕೋವಿಗೆ ಕಟ್ಟಿದ ದೀಪ ಹಂದಿಯೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಎತ್ತಿ ತೋರಿಸಿತು. ಬೆಳೆ ಕಾಯಲು ಹೋದವನು ಕಡವೆ ಹೊತ್ತು ಬಂದ, ಹಂದಿ ಮಾರನೆಯ ರಾತ್ರಿಯೂ ಗದ್ದೆಗೆ ಬಂತು. ಮಲೆನಾಡಿನ ಬೇಟೆಯ ಪ್ರಾಣಿಗಳನ್ನು ಕೋವಿಗಿಂತ ಹೆಚ್ಚು ಬ್ಯಾಟರಿ ತಿಂದಿತು ಎಂದೇ ನನ್ನ ಅಭಿಪ್ರಾಯ. ಕೋವಿ ನಮ್ಮಲ್ಲಿ ತಲೆಮಾರುಗಳಿಂದ ಇತ್ತು. ಕತ್ತಲು ಅಷ್ಟು ಕಾಲ ಪ್ರಾಣಿಗಳಿಗೇ ಸೇರಿತ್ತು.

ಕಾನೂನು ಮಾಡಿದವರಿಗೂ ಇದು ಗೊತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಬೇಟೆಗೆ ಕೃತಕ ಬೆಳಕು ಬಳಸುವುದನ್ನೂ, ಸೂರ್ಯಾಸ್ತದಿಂದ ಸೂರ್ಯೋದಯದ ತನಕ ಬೇಟೆಯಾಡುವುದನ್ನೂ ಬೇರೆ ಬೇರೆಯಾಗಿಯೇ ನಿಷೇಧಿಸಿತು. ವಿಶೇಷ ಪರವಾನಗಿ ಪಡೆದು ಮಾಂಸಾಹಾರಿ ಪ್ರಾಣಿ ಹೊಡೆಯುವವರಿಗಷ್ಟೇ ವಿನಾಯಿತಿ. 1991ರ ತಿದ್ದುಪಡಿಯ ಹೊತ್ತಿಗೆ ಲೈಸೆನ್ಸ್ ಬೇಟೆಯೇ ಮುಗಿಯಿತು. ಅಪ್ಪಯ್ಯ ಅಷ್ಟರೊಳಗೆ ದಾರ ಹಿಡಿದು ಬಂದವರನ್ನು ಬರಿಗೈಯಲ್ಲಿ ಕಳಿಸಲು ಶುರುಮಾಡಿದ್ದರು. ಹೆಡ್‌ಲೈಟಿನವರು ಮೋಟಾರ್‌ಸೈಕಲ್ಲಿನ ಆಸಿಡ್ ಬ್ಯಾಟರಿ ಸೊಂಟಕ್ಕೆ ಕಟ್ಟಿ, ಪಂಚೆ ತೂತು ಮಾಡಿಕೊಂಡು, ಬೇರೆ ದಾರಿ ಹಿಡಿದರು. ಈಗಂತೂ ಒದೆಗೆ ಆರದ, ಶೆಲ್ಲು ಕಾರದ ಎಲ್ಇಡಿ ದೀಪ ಸಂತೆಯಲ್ಲೇ ಸಿಗುತ್ತದೆ.

ಗದ್ದೆಗೆ ಬರುವ ಹಂದಿಯನ್ನು ಕೊಲ್ಲಲೂ ಇಂದು 11ನೇ ಕಲಮಿನಡಿ ಅಧಿಕಾರಿಯ ಲಿಖಿತ ಆದೇಶ ಬೇಕು. ಆದೇಶವಿಲ್ಲದೆ ರಾತ್ರಿ ಕಾಡಿಗಿಳಿದವರು 39ನೇ ಕಲಮನ್ನೂ ಓದಿಕೊಳ್ಳುವುದು ಒಳ್ಳೆಯದು: ಅಪರಾಧಕ್ಕೆ ಬಳಸಿ ಜಪ್ತಿಯಾದ ಆಯುಧ, ವಾಹನ, ಸಲಕರಣೆ ಎಲ್ಲವೂ ಸರ್ಕಾರದ ಸ್ವತ್ತು. ಸಲಕರಣೆಯಲ್ಲಿ ದೀಪವೂ ಸೇರಿತು.